ಸಮಾಧಿ ತೋಟದ ಬೆಳಗು

ಹಬ್ಬದ ದಿನ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಸ್ಮಶಾನಕ್ಕೆ ಹೋಗುತ್ತೇವೆ ಎಂದರೆ ನನ್ನ ಶಾಲೆಯ ಗೆಳತಿಯರು ನಂಬುತ್ತಿರಲಿಲ್ಲ. "ಹಬ್ಬದ ದಿನ ಯಾರಾದರೂ ಅಲ್ಲಿಗೆ ಹೋಗ್ತಾರೇನೇ?" ಎಂದು ಕೇಳಿ ದೂರ ಸರಿದು ಕೂತವರೂ ಉಂಟು. ಅವರ ತಪ್ಪೇನಿಲ್ಲ. ಸಾವಿನ ಮನೆಗೆ ಹೋಗಿ ಬಂದರೆ ಬಾಗಿಲಲ್ಲೇ ನೀರು ಹಾಕಿಕೊಂಡು ಒಳಗೆ ಬರುವ ಊರು ನಮ್ಮದು. ಆದರೆ ಬಳ್ಳಾರಿಯ ಕ್ರೈಸ್ತ ಮನೆಗಳಲ್ಲಿ ಬೆಳೆದವರಿಗೆ ಈಸ್ಟರ್ ಎಂದರೆ ಮೊದಲು ನೆನಪಾಗುವುದು ಕತ್ತಲು, ಮೇಣದ ಬತ್ತಿ, ಕೈಗೆ ತಾಗುವ ಬಿಸಿ ಮೇಣ, ಅಮ್ಮನ ಸೆರಗಿನಲ್ಲಿ ಕಟ್ಟಿದ ಮಲ್ಲಿಗೆ. ಹಿಂದಿನ ದಿನವೇ ಹೋಗಿ ಕಳೆ ಕಿತ್ತು, ಗೋರಿಗಳಿಗೆ ಸುಣ್ಣ ಬಳಿದು ಬಂದಿರುತ್ತಿದ್ದೆವು. ಕೀರ್ತನೆ ಹಾಡುತ್ತ ನಿಂತಿದ್ದಾಗ ಮೂಡಲು ಕೆಂಪಾಗಿ, ಕೋಟೆ ಗುಡ್ಡದ ಬಂಡೆಗಳು ಒಂದೊಂದಾಗಿ ಕಾಣಿಸಿಕೊಳ್ಳುತ್ತಿದ್ದವು. ಏಪ್ರಿಲ್ ತಿಂಗಳ ಬಳ್ಳಾರಿಯಲ್ಲಿ ತಂಪು ಗಾಳಿ ಸಿಗುವುದು ಆ ಒಂದು ಗಳಿಗೆಯಲ್ಲಿ ಮಾತ್ರ.

ಯಾಕೆ ಇಲ್ಲಿಗೇ ಬರಬೇಕು ಎಂದು ಒಮ್ಮೆ ಅಜ್ಜಿಯನ್ನು ಕೇಳಿದ್ದೆ. ಅಜ್ಜಿ ಸಿರುಗುಪ್ಪದ ಕಡೆ ಸೊಸೆಯಾಗಿ ಹೋದವಳು, ಮಾತು ಕಡಿಮೆ. "ಆ ಹೆಂಗಸ್ರೂ ಇಲ್ಲಿಗೇ ಬಂದಿದ್ರಲ್ಲವ್ವಾ" ಎಂದಳು, ಅಷ್ಟೆ. ಆ ಮಾತಿನ ಹಿಂದೆ ಎಷ್ಟಿದೆ ಎಂದು ತಿಳಿಯಲು ನನಗೆ ಐವತ್ತು ವರ್ಷ ಬೇಕಾಯಿತು.

ಆ ಕಥೆ ನಮ್ಮ ಊರಿಗೆ ಬಂದ ದಾರಿಯನ್ನು ಮೊದಲು ಹೇಳಬೇಕು. ನಿಜಾಮನು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟದ್ದು 1800ರಲ್ಲಿ. ಹತ್ತು ವರ್ಷದ ಮೇಲೆ, 1810ರಲ್ಲಿ, ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಇಲ್ಲಿಗೆ ಬಂದ. ಮಿಷನರಿಗಳನ್ನು ಕಂಪನಿಯವರು ಆಗ ಅನುಮಾನದಿಂದಲೇ ನೋಡುತ್ತಿದ್ದ ಕಾಲ. ಹ್ಯಾಂಡ್ಸ್ ಇಲ್ಲಿ ಕೂತು ಕನ್ನಡ ಕಲಿತು, ಸುವಾರ್ತೆಗಳನ್ನು ಕನ್ನಡಕ್ಕೆ ತರತೊಡಗಿದ. 1816ರಲ್ಲಿ ವಿಲಿಯಂ ರೀವ್ ಬಂದು ಸೇರಿಕೊಂಡ. ಕನ್ನಡದ ದೊಡ್ಡ ನಿಘಂಟು ಮಾಡಿದವನೂ ಇವನೇ. ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿ ಹೊರಬರಲು 1830ರ ದಶಕದ ಆರಂಭವಾಯಿತು. ಅಂದರೆ ಇಪ್ಪತ್ತು ವರ್ಷದ ದುಡಿಮೆ. ಕನ್ನಡದ ಮೊದಲ ಬೈಬಲ್ ಎಂದರೆ ಅನೇಕರು ಮಂಗಳೂರಿನ ಬಾಸೆಲ್ ಮಿಷನ್ನನ್ನು ನೆನೆಯುತ್ತಾರೆ. ಬಾಸೆಲ್‌ನವರು ಮಂಗಳೂರಿಗೆ ಬಂದದ್ದೇ 1834ರಲ್ಲಿ. ಊರಿನ ಅಭಿಮಾನದಿಂದ ಇದನ್ನು ಹೇಳುತ್ತಿದ್ದೇನೆ ಎಂದುಕೊಂಡರೂ ಅಡ್ಡಿಯಿಲ್ಲ.

ಆ ಕೆಲಸ ಸುಲಭದ್ದಾಗಿರಲಿಕ್ಕಿಲ್ಲ. ಸತ್ತವನು ಮತ್ತೆ ಎದ್ದ ಎಂಬುದನ್ನು ಪುನರ್ಜನ್ಮವನ್ನು ಬಲ್ಲ ಜನಕ್ಕೆ ಯಾವ ಮಾತಿನಲ್ಲಿ ಹೇಳುವುದು? ಮತ್ತೆ ಹುಟ್ಟಿದ ಎಂದರೆ ಬೇರೆಯೇ ಅರ್ಥ. ಆತ್ಮ ಉಳಿಯಿತು ಎಂದರೂ ಅದು ಆ ಕಥೆಯಲ್ಲ. ನಮ್ಮ ಬೈಬಲಿನಲ್ಲಿ ನಿಂತಿರುವ ದೊಡ್ಡ ಶಬ್ದ 'ಪುನರುತ್ಥಾನ'. ಕಾರ್ತಿಕದಲ್ಲಿ ತುಳಸಿ ಪೂಜೆ ಮಾಡುವ ನಿಮಗೆ ಉತ್ಥಾನ ದ್ವಾದಶಿ ಗೊತ್ತು. ಆ ಉತ್ಥಾನವೇ ಇದು: ಮಲಗಿದ್ದವನು ಏಳುವುದು. ಆದರೆ ಮನೆಯಲ್ಲಿ ಅಜ್ಜಿಯಾಗಲಿ ಅಮ್ಮನಾಗಲಿ ಪುನರುತ್ಥಾನ ಎಂದದ್ದು ನಾನು ಕೇಳಿಲ್ಲ. "ಸ್ವಾಮಿ ಎದ್ದ" ಎನ್ನುತ್ತಿದ್ದರು. ಕನ್ನಡದಲ್ಲಿ ನಿದ್ದೆಯಿಂದ ಎಚ್ಚರಾಗುವುದಕ್ಕೂ ಬಿದ್ದವರು ನಿಲ್ಲುವುದಕ್ಕೂ ಏಳುವುದು ಎಂಬ ಒಂದೇ ಮಾತು. ಸುವಾರ್ತೆಗಳನ್ನು ಮೊದಲು ಬರೆದ ಗ್ರೀಕ್ ಭಾಷೆಯಲ್ಲೂ ಹೀಗೆಯೇ ಎಂದು ಓದಿ ನನಗೆ ಸಂತೋಷವಾಗಿತ್ತು. ಶಾಲೆಗೆ ಹೊತ್ತಾಯಿತು ಎಂದು ಮಕ್ಕಳನ್ನು ಎಬ್ಬಿಸುವ ಮಾತೇ ಅಲ್ಲಿ ಸತ್ತವರಿಗೂ ಬಳಕೆಯಾಗಿದೆ.

ಮಾರ್ಕನ ಸುವಾರ್ತೆಯಲ್ಲಿ ಹನ್ನೆರಡು ವರ್ಷದ ಹುಡುಗಿಯೊಬ್ಬಳ ಪ್ರಸಂಗ ಬರುತ್ತದೆ. ಅವಳು ತೀರಿಹೋಗಿ ಮನೆಯಲ್ಲಿ ಅಳು ಶುರುವಾಗಿದೆ. ಯೇಸು ಒಳಗೆ ಹೋಗಿ ಕೈಹಿಡಿದು ಏಳು ಎನ್ನುತ್ತಾನೆ, ಹುಡುಗಿ ಎದ್ದು ಓಡಾಡುತ್ತಾಳೆ. ಎಲ್ಲರೂ ಬೆರಗಾಗಿ ನಿಂತಿರುವಾಗ ಅವನು ಹೇಳುವ ಮುಂದಿನ ಮಾತು, ಅವಳಿಗೆ ಏನಾದರೂ ತಿನ್ನಲು ಕೊಡಿ ಎಂದು. ಅಜ್ಜಿಗೆ ಇದು ಬಹಳ ಇಷ್ಟದ ಭಾಗ. ಪವಾಡಕ್ಕಿಂತ ಹೆಚ್ಚಾಗಿ ಆ ಊಟದ ಮಾತು. ಅದಕ್ಕೆ ಕಾರಣವಿತ್ತು, ಮುಂದೆ ಹೇಳುತ್ತೇನೆ.

ಬಳ್ಳಾರಿಯ ಹಳೆಯ ದಂಡಿನ ಪ್ರದೇಶದ ಗೋರಿಗಳನ್ನು ನೋಡಿದವರಿಗೆ ಒಂದು ವಿಷಯ ಹೊಳೆಯುತ್ತದೆ. ಅಲ್ಲಿ ಮುದುಕರು ಕಡಿಮೆ. ಇಪ್ಪತ್ತು, ಇಪ್ಪತ್ತೈದರ ಸಿಪಾಯಿಗಳು, ಹೆರಿಗೆಯಲ್ಲಿ ಹೋದ ಹೆಂಗಸರು, ತಿಂಗಳು ಲೆಕ್ಕದ ಕೂಸುಗಳು. ಕಾಲರಾಕ್ಕೆ ದೊಡ್ಡವರು ಚಿಕ್ಕವರು ಎಂಬುದಿರಲಿಲ್ಲ. ಈ ಸೀಮೆಯ ಮೊದಲ ಕಲೆಕ್ಟರನಾಗಿದ್ದು ಮದ್ರಾಸಿನ ಗವರ್ನರ್ ಆದ ಥಾಮಸ್ ಮನ್ರೋ 1827ರಲ್ಲಿ ಪತ್ತಿಕೊಂಡದಲ್ಲಿ ಕಾಲರಾದಿಂದಲೇ ಸತ್ತ. ಸ್ಯಾಮ್ಯುಯೆಲ್ ಫ್ಲಾವೆಲ್ ಎಂಬ ಉಪದೇಶಕರಿದ್ದರು. ಹೆಸರು ಇಂಗ್ಲಿಷಿನದಾದರೂ ಮನುಷ್ಯ ನಮ್ಮವರೇ. ಹುಟ್ಟಿದ್ದು ಹಿಂದೂ ಮನೆಯಲ್ಲಿ, ಹೊಸ ಒಡಂಬಡಿಕೆಯನ್ನು ಓದಿ ಕ್ರೈಸ್ತರಾದವರು. ಬೆಂಗಳೂರಿನಲ್ಲಿ ಸಭೆ ಕಟ್ಟಿ, ಆಮೇಲೆ ಬಳ್ಳಾರಿಗೆ ಬಂದು ಇಲ್ಲಿಯ ಜನರ ನಡುವೆ ಇಪ್ಪತ್ತು ವರ್ಷ ದುಡಿದರು. 1847ರಲ್ಲಿ ಅವರನ್ನೂ ಕಾಲರಾ ಒಯ್ದಿತು. ವಿಲಾಯಿತಿಯ ಮಿಷನರಿಗಳ ಬಗ್ಗೆ ಪುಸ್ತಕಗಳಿವೆ. ಫ್ಲಾವೆಲರ ಹೆಸರನ್ನು ನಮ್ಮ ಸಭೆಯ ಮಕ್ಕಳಿಗೆ ಕೇಳಿದರೆ ಒಬ್ಬರಿಗೂ ಗೊತ್ತಿಲ್ಲ.

ಇನ್ನು ಬರದ ಮಾತು. 1791-92ರ ಬರವನ್ನು ದಖ್ಖನಿನ ಜನ ಡೋಗಿ ಬರ ಎಂದು ಕರೆದರು, ತಲೆಬುರುಡೆಗಳ ಬರ ಎಂದು. ಹೂಳುವವರಿಲ್ಲದೆ ಬಯಲಲ್ಲಿ ಉಳಿದ ಬುರುಡೆಗಳಿಂದ ಬಂದ ಹೆಸರು. ನಮ್ಮ ಮನೆಯ ಕಥೆ ಅದಕ್ಕಿಂತ ಈಚಿನದು, 1876ರಲ್ಲಿ ಮಳೆ ಕೈಕೊಟ್ಟು ಶುರುವಾದದ್ದು. ಅದು ಧಾತು ಸಂವತ್ಸರ. ಮುಂದಿನ ವರ್ಷ ಈಶ್ವರ. ಮುಂಗಾರು ಹೋಯಿತು, ಹಿಂಗಾರೂ ಹೋಯಿತು. ಎರೆಭೂಮಿ ಬಿರುಕು ಬಿಟ್ಟಿತು. ಜೋಳ, ನವಣೆ ಕೈಗೆ ಬರಲಿಲ್ಲ. ಮದ್ರಾಸ್ ಪ್ರಾಂತದಲ್ಲಿ ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಬಳ್ಳಾರಿ ಒಂದು. ಬಳ್ಳಾರಿಗೆ ಆಗಲೇ ರೈಲು ಬಂದಿತ್ತು. ಧಾನ್ಯವೂ ಬರುತ್ತಿತ್ತು, ಆದರೆ ಕೊಳ್ಳಲು ಕೂಲಿಯವನ ಹತ್ತಿರ ದುಡ್ಡಿರಲಿಲ್ಲ. ಹಸಿವು ಎಂದರೆ ಅನ್ನವಿಲ್ಲದ್ದು ಮಾತ್ರವಲ್ಲ, ಅನ್ನ ಕಣ್ಣಿಗೆ ಕಂಡೂ ಕೈಗೆ ಎಟುಕದ್ದು ಎಂದು ಇದರಿಂದ ತಿಳಿಯುತ್ತದೆ.

1877ರ ಜನವರಿ ಒಂದರಂದು ದೆಹಲಿಯಲ್ಲಿ ದರ್ಬಾರು ನಡೆದು ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿ ಎಂದು ಸಾರಿದರು. ಅದೇ ತಿಂಗಳು ಖರ್ಚು ಹಿಡಿತದಲ್ಲಿಡಲು ಸರ್ ರಿಚರ್ಡ್ ಟೆಂಪಲ್ ದಕ್ಷಿಣಕ್ಕೆ ಬಂದ. ಕಲ್ಲು ಒಡೆಯುವ, ಮಣ್ಣು ಹೊರುವ ಬರಪರಿಹಾರದ ಕೂಲಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಜೊತೆಗೆ ಚೂರು ಕಾಸು ಎಂದು ಗೊತ್ತುಮಾಡಿದ. ಒಂದು ಪೌಂಡು ಎಂದರೆ ಅರ್ಧ ಕಿಲೋಗೂ ಕಡಿಮೆ. ಇಷ್ಟರಲ್ಲಿ ದುಡಿಯುವ ಮೈ ಉಳಿಯುವುದಿಲ್ಲ ಎಂದು ಮದ್ರಾಸಿನ ಆರೋಗ್ಯ ಕಮಿಷನರ್ ಡಾಕ್ಟರ್ ಕಾರ್ನಿಷ್ ಹಟ ಹಿಡಿದು ವಾದಿಸಿದ. ಕೆಲವು ತಿಂಗಳ ಮೇಲೆ ಪ್ರಮಾಣ ಹೆಚ್ಚಿಸಿದರು. ಅಷ್ಟರಲ್ಲಿ ಕಾಲರಾ ಶಿಬಿರಗಳನ್ನು ಹೊಕ್ಕಿತ್ತು. 1871ರ ಮತ್ತು 1881ರ ಜನಗಣತಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಜಿಲ್ಲೆಯಲ್ಲಿ ಸುಮಾರು ಐದು ಜನರಲ್ಲಿ ಒಬ್ಬರಿಲ್ಲ. ನಿಮ್ಮ ಬೀದಿಯ ಮನೆಗಳನ್ನು ಎಣಿಸಿಕೊಂಡು, ಐದನೆಯ ಬಾಗಿಲಿಗೆಲ್ಲ ಬೀಗ ಹಾಕಿಕೊಂಡು ಹೋಗಿ. ಲೆಕ್ಕ ಆಗ ಅರ್ಥವಾಗುತ್ತದೆ.

ಆ ಬರದಲ್ಲಿ ಕುರುಗೋಡು ಕಡೆಯ ಯಾವುದೋ ಹಳ್ಳಿಯಿಂದ ಬಳ್ಳಾರಿಯ ಗಂಜಿ ಮನೆಗೆ ಒಬ್ಬ ತಾಯಿ ನಾಲ್ಕು ವರ್ಷದ ಮಗಳನ್ನು ಎತ್ತಿಕೊಂಡು ನಡೆದು ಬಂದಳು. ದಾರಿಯಲ್ಲಿ ಪಾಪಾಸುಕಳ್ಳಿಯ ಹಣ್ಣು ತಿಂದು ಬಾಯಿಯೆಲ್ಲ ಮುಳ್ಳು. ಗಂಜಿ ಮನೆ ಮುಟ್ಟುವ ಹೊತ್ತಿಗೆ ತಾಯಿ ಇರಲಿಲ್ಲ, ಮಗಳು ಇದ್ದಳು. ಯಾರು ತಂದು ಬಿಟ್ಟರೋ, ಮಿಷನ್ನಿನವರ ಕೈಗೆ ಸೇರಿದಳು. ಆ ಮಗುವೇ ನನ್ನ ಅಜ್ಜಿಯ ಅಜ್ಜಿ. ಕಾಗದ ಪತ್ರ ಏನೂ ಇಲ್ಲ, ಹೆಂಗಸರಿಂದ ಹೆಂಗಸರಿಗೆ ಬಂದ ಮಾತು ಇದು. ಅವಳ ಹೆಸರು ಏನೆಂದು ಕೇಳಿದಾಗ ಅವಳು ಹೇಳಿದ್ದು ತಾಯಿ ಮುದ್ದಿಗೆ ಕರೆಯುತ್ತಿದ್ದ ಯಾವುದೋ ಶಬ್ದವಂತೆ. ಅದು ಯಾರಿಗೂ ತಿಳಿಯಲಿಲ್ಲ. ಬೈಬಲಿನ ಒಂದು ಹೆಸರಿಟ್ಟರು. ಹಳೆಯದು ಹೋಯಿತು.

ಅವಳು ಮುಪ್ಪಾಗುವವರೆಗೂ ಬದುಕಿದಳು. ಊಟಕ್ಕೆ ಕೂತಾಗ ತಟ್ಟೆಯ ಸುತ್ತ ಬಿದ್ದ ಅಗುಳನ್ನು ಬೆರಳಿಗೆ ಅಂಟಿಸಿಕೊಂಡು ತಿನ್ನುತ್ತಿದ್ದಳೆಂದು ಅಜ್ಜಿ ಹೇಳುತ್ತಿದ್ದಳು. ಆ ಹನ್ನೆರಡರ ಹುಡುಗಿಯ ಪ್ರಸಂಗವನ್ನು ಮೊಮ್ಮಗಳಿಗೆ ಹೇಳಿ, ಎಬ್ಬಿಸಿದ್ದು ದೊಡ್ಡದಲ್ಲ, ಉಣ್ಣಿಸಿದ್ದು ದೊಡ್ಡದು ಎನ್ನುತ್ತಿದ್ದವಳು ಅವಳೇ. ದೇವಶಾಸ್ತ್ರ ಓದಿದವರು ಇದನ್ನು ಒಪ್ಪುವುದಿಲ್ಲವೇನೋ. ಆದರೆ ಸುವಾರ್ತೆಗಳನ್ನು ನೋಡಿದರೆ, ಎದ್ದು ಬಂದ ಯೇಸು ಕೂಡ ಸುಟ್ಟ ಮೀನು ತಿನ್ನುತ್ತಾನೆ. ಇನ್ನೊಂದು ಬೆಳಗ್ಗೆ ಕೆರೆಯ ದಡದಲ್ಲಿ ಕೆಂಡ ಮಾಡಿ ರೊಟ್ಟಿ ಮೀನು ಇಟ್ಟುಕೊಂಡು, ರಾತ್ರಿಯೆಲ್ಲ ಬಲೆ ಬೀಸಿ ಸೋತವರನ್ನು ತಿಂಡಿಗೆ ಕರೆಯುತ್ತಾನೆ. ಸಾವನ್ನು ಗೆದ್ದವನು ಮಾಡಿದ ಕೆಲಸ ಅಡುಗೆ.

"ಗಂಜಿಗೆ ಜಾತಿ ಬಿಟ್ಟವರು" ಎಂಬ ಮಾತನ್ನು ನಮ್ಮ ಮನೆಯವರು ಕೇಳಿದ್ದಾರೆ. ನಾನೂ ಕಾಲೇಜಿನಲ್ಲಿ ಕೇಳಿದ್ದೇನೆ. ಆಗ ಅಳು ಬಂದಿತ್ತು. ಈಗ ಅದಕ್ಕೆ ಉತ್ತರ ಹೀಗೆ ತೋರುತ್ತದೆ: ಹೌದು, ಗಂಜಿಯಿಂದಲೇ. ನಾಲ್ಕು ವರ್ಷದ ಮಗು ಮತ್ತೇನನ್ನು ನೋಡಿ ಬರಬೇಕಿತ್ತು? ಹಾಗೆಂದು ಬರಗಾಲದ ಮಕ್ಕಳನ್ನು ತಮ್ಮ ಧರ್ಮಕ್ಕೆ ಸೇರಿಸಿಕೊಂಡ ಮಿಷನ್ನಿನವರನ್ನು ಪ್ರಶ್ನಿಸಬಾರದು ಎಂದಲ್ಲ. ಹಸಿದವರ ಒಪ್ಪಿಗೆಯನ್ನು ಒಪ್ಪಿಗೆ ಎನ್ನಬಹುದೇ ಎಂಬುದು ನಿಜವಾದ ಪ್ರಶ್ನೆ. ಅವಳ ಹಳೆಯ ಹೆಸರನ್ನು ಒಂದು ಚೀಟಿಯಲ್ಲಾದರೂ ಬರೆದಿಡಬಹುದಿತ್ತು ಎಂದು ನನಗೆ ಇಂದಿಗೂ ಸಂಕಟ. ಎರಡನ್ನೂ ಇಟ್ಟುಕೊಂಡೇ ನಾನು ಪ್ರಾರ್ಥನೆಗೆ ಕೂರುವುದು.

ಕುರುಗೋಡಿನ ನಂಟು ಅವಳಿಗೆ ಬಿಡಲಿಲ್ಲ. ಆ ಊರು ಒಂದು ಕಾಲಕ್ಕೆ ಸಿಂದ ಅರಸರ ರಾಜಧಾನಿ. ಅಲ್ಲಿಯ ದೊಡ್ಡ ಬಸವೇಶ್ವರನ ಏಕಶಿಲೆಯ ನಂದಿಯನ್ನು ನೀವು ನೋಡಿರುತ್ತೀರಿ. ಹೋಳಿ ಹುಣ್ಣಿಮೆಯ ಸುಮಾರಿಗೆ ಅಲ್ಲಿ ತೇರು. ತೇರಿನ ಗಾಡಿಗಳು ಹೋಗುವುದನ್ನು ಕಂಡರೆ ಅವಳು ಬಾಗಿಲಿಗೆ ಬಂದು ನಿಲ್ಲುತ್ತಿದ್ದಳಂತೆ, ಆ ಜನರಲ್ಲಿ ತನ್ನ ಮುಖ ಇರುವವರು ಯಾರಾದರೂ ಇದ್ದಾರೆಯೇ ಎಂದು. ನಮ್ಮ ಹಬ್ಬವೂ ಚಂದ್ರನನ್ನೇ ನೋಡಿ ಬರುವಂಥದು: ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆ ಕಳೆದ ಭಾನುವಾರ ಈಸ್ಟರ್. ಹೆಚ್ಚಿನ ವರ್ಷ ಅದು ದವನದ ಹುಣ್ಣಿಮೆ. ಹಾಗಾಗಿ ನಮ್ಮ ಮನೆಯಲ್ಲಿ ಕುರುಗೋಡಿನ ತೇರಾಯಿತು ಎಂದರೆ ಗೋರಿಗೆ ಸುಣ್ಣ ತರಬೇಕು ಎಂದು ಲೆಕ್ಕ.

ಸಿರುಗುಪ್ಪದ್ದು ಬೇರೆ ಮುಖ. ತುಂಗಭದ್ರೆಯ ದಂಡೆ, ವಿಜಯನಗರದ ಕಾಲದ ಕಾಲುವೆಗಳಿದ್ದ ಸೀಮೆ. 1953ರಲ್ಲಿ ಅಣೆಕಟ್ಟಿನ ನೀರು ಹರಿಯಿತು. ಅದೇ ವರ್ಷ ಅಕ್ಟೋಬರ್ ಒಂದರಂದು ಬಳ್ಳಾರಿ, ಸಿರುಗುಪ್ಪ ಎಲ್ಲ ಮೈಸೂರು ರಾಜ್ಯಕ್ಕೆ ಸೇರಿದವು. ಬರದ ಮೊಮ್ಮಗಳಾದ ನನ್ನ ಅಜ್ಜಿ ಭತ್ತದ ಗದ್ದೆಯ ನಡುವೆ ಬದುಕಿದಳು. ಬೀಜದ ಭತ್ತವನ್ನು ನೆನೆಸಿ, ನೀರು ಬಸಿದು, ಗೋಣಿ ಚೀಲದಲ್ಲಿ ಕಟ್ಟಿ, ಮೇಲೆ ಭಾರ ಹೇರಿ ಇಡುವುದನ್ನು ನೀವೂ ನೋಡಿರಬಹುದು. ಎರಡು ದಿನ ಕಳೆದು ಚೀಲದೊಳಗೆ ಕೈಹಾಕಿದರೆ ಜ್ವರ ಬಂದ ಮಗುವಿನ ಹಣೆಯಷ್ಟು ಬಿಸಿ. ಕೊಳೆತ ಹಾಗೆ ವಾಸನೆ. ನಾನು ಚಿಕ್ಕವಳಿದ್ದಾಗ ಕೆಟ್ಟುಹೋಯಿತು ಎಂದು ಕೂಗಿಕೊಂಡಿದ್ದೆ. ಅಜ್ಜಿ ಒಂದು ಹಿಡಿ ತೆಗೆದು ಅಂಗೈ ಮೇಲೆ ಬಿಳಿ ಮೂತಿಯ ಕಾಳು ತೋರಿಸಿದಳು. ಮಣ್ಣಿಗೆ ಬಿದ್ದ ಕಾಳಿನ ಹೋಲಿಕೆಯನ್ನು ಬೈಬಲಿನಲ್ಲಿ ಯೇಸುವೂ ಹೇಳುತ್ತಾನೆ, ಪೌಲನೂ ಹೇಳುತ್ತಾನೆ. ನಾನು ಅದನ್ನು ಓದುವ ಮೊದಲೇ ಮೂಸಿ ನೋಡಿದ್ದೆ.

ಇಷ್ಟೆಲ್ಲ ಗೊತ್ತಿದ್ದೂ 2020 ಬಂದಾಗ ನನಗೆ ಏನೂ ಗೊತ್ತಿಲ್ಲದಂತಾಯಿತು. ಮಾರ್ಚ್ 25ರಿಂದ ದೇಶಕ್ಕೆ ಬೀಗ. ಏಪ್ರಿಲ್ 12ರ ಈಸ್ಟರ್‌ಗೆ ಚರ್ಚಿಗೆ ಹೋಗಲಿಲ್ಲ, ಸಮಾಧಿ ತೋಟಕ್ಕೂ ಹೋಗಲಿಲ್ಲ. ಅಮ್ಮ ಮನೆಯ ಮಹಡಿ ಮೇಲೆ ಮೇಣದ ಬತ್ತಿ ಹಚ್ಚಿ, ಗೋರಿಗಳಿರುವ ದಿಕ್ಕಿಗೆ ನಿಂತು ಹಾಡಿದಳು. ಜೂನ್ ಕೊನೆಯಲ್ಲಿ ನಮ್ಮ ಊರಿನ ಹೆಸರು ದೇಶದ ಟಿ.ವಿ.ಗಳಲ್ಲೆಲ್ಲ ಬಂತು. ಕೋವಿಡ್‌ನಿಂದ ತೀರಿಕೊಂಡವರ ದೇಹಗಳನ್ನು ಒಂದೇ ಗುಂಡಿಗೆ ಎಸೆಯುತ್ತಿದ್ದ ದೃಶ್ಯ ಅದು. ಜಿಲ್ಲಾಡಳಿತ ಕ್ಷಮೆ ಕೇಳಿತು, ಆ ಕೆಲಸದ ತಂಡವನ್ನು ಬದಲಿಸಿತು. ಅಮ್ಮ ಅದನ್ನು ನೋಡಿ ಟಿ.ವಿ. ಆರಿಸಿ, ಬಹಳ ಹೊತ್ತು ಸುಮ್ಮನೆ ಕೂತಿದ್ದಳು. "ಒಂದು ಚೆಂಬು ನೀರಾದರೂ ಹಾಕ್ಬೇಕಿತ್ತು" ಎಂದಳು. ಆಗಸ್ಟಿನಲ್ಲಿ ಅವಳಿಗೂ ಅದೇ ಬಂತು. ಎಪ್ಪತ್ತೇಳು ವರ್ಷ, ಒಂಬತ್ತು ದಿನದ ಆಸ್ಪತ್ರೆ.

ನಮ್ಮಲ್ಲಿ ಹೆಂಗಸರ ಮೈ ತೊಳೆಯುವುದು ಹೆಂಗಸರೇ. ತಲೆ ಬಾಚಿ, ಮದುವೆಯ ಸೀರೆಯೋ ಒಳ್ಳೆಯ ಬಿಳಿ ಸೀರೆಯೋ ಉಡಿಸಿ, ಕೈಗೆ ಬೈಬಲ್ ಕೊಟ್ಟು ಮಲಗಿಸುತ್ತೇವೆ. ಅಮ್ಮ ಎಷ್ಟೋ ಮನೆಗೆ ಹೋಗಿ ಈ ಕೆಲಸ ಮಾಡಿ ಬಂದವಳು. ಅವಳಿಗೆ ಅದು ಸಿಗಲಿಲ್ಲ. ಸುತ್ತಿದ ಚೀಲ, ಅಂಟಿಸಿದ ಚೀಟಿಯಲ್ಲಿ ಒಂದು ನಂಬರು. ನಾವು ನಾಲ್ಕು ಜನ ಹತ್ತಾರು ಅಡಿ ದೂರದಲ್ಲಿ ನಿಂತಿದ್ದೆವು. ಮೈತುಂಬ ಪ್ಲಾಸ್ಟಿಕ್ ಅಂಗಿ ತೊಟ್ಟ ಹುಡುಗರು ಹಗ್ಗದಿಂದ ನಿಧಾನವಾಗಿ ಇಳಿಸಿದರು. ಅವರ ಮುಖ ಕಾಣುತ್ತಿರಲಿಲ್ಲ. ಯಾವ ಜಾತಿಯವರೋ ಯಾವ ಧರ್ಮದವರೋ. ಅವರಲ್ಲಿ ಒಬ್ಬ ನಿಂತು, "ಅಮ್ಮನ ಹೆಸರೇನಕ್ಕಾ?" ಎಂದು ಕೂಗಿ ಕೇಳಿದ. ನಾನು ಹೇಳಿದೆ. ಅವನು ಗುಂಡಿಯ ಕಡೆ ತಿರುಗಿ ಆ ಹೆಸರನ್ನು ಒಮ್ಮೆ ಗಟ್ಟಿಯಾಗಿ ಹೇಳಿ, ಮೊದಲ ಹಿಡಿ ಮಣ್ಣು ಹಾಕಿದ.

ಆ ವರ್ಷವೆಲ್ಲ ನಾನು ಮಾರ್ಕನ ಸುವಾರ್ತೆಯ ಕೊನೆಯ ಅಧ್ಯಾಯದ ಮೊದಲ ಎಂಟು ವಾಕ್ಯಗಳನ್ನಷ್ಟೇ ಓದುತ್ತಿದ್ದೆ. ಅತಿ ಹಳೆಯ ಕೈಬರಹಗಳಲ್ಲಿ ಆ ಸುವಾರ್ತೆ ಮುಗಿಯುವುದು ಅಲ್ಲಿಗೇ. ಮೂವರು ಹೆಂಗಸರು ಸುಗಂಧ ದ್ರವ್ಯ ಕೊಂಡು ಹೊತ್ತು ಮೂಡುವಾಗ ಗವಿಗೆ ಹೋಗುತ್ತಾರೆ. ಏಳುತ್ತಾನೆಂದು ನಂಬಿ ಹೋದವರಲ್ಲ. ಗಡಿಬಿಡಿಯಲ್ಲಿ ಹೂಳಿದ ಮೈಗೆ ಮಾಡಬೇಕಾದ್ದು ಉಳಿದಿತ್ತು, ಅದನ್ನು ಮಾಡಲು ಹೋದರು. ಬಾಗಿಲ ಬಂಡೆಯನ್ನು ಸರಿಸುವವರು ಯಾರು ಎಂಬುದಷ್ಟೇ ಅವರ ಚಿಂತೆ. ಬಂಡೆ ಸರಿದಿದೆ, ಅವನಿಲ್ಲ, ಎದ್ದಿದ್ದಾನೆ ಎಂಬ ಸುದ್ದಿ ಇದೆ. ಅವರು ನಡುಗಿ ಓಡುತ್ತಾರೆ, ಯಾರಿಗೂ ಏನೂ ಹೇಳುವುದಿಲ್ಲ, ಯಾಕೆಂದರೆ ಹೆದರಿದ್ದರು. ಲೂಕನಲ್ಲಿ ಅವರು ಹೋಗಿ ಹೇಳುತ್ತಾರೆ, ಗಂಡಸರು ಹರಟೆಯೆಂದು ತಳ್ಳಿಹಾಕುತ್ತಾರೆ! ಈ ಕಥೆಯನ್ನು ಯಾರೋ ಹೊಸೆದಿದ್ದರೆ, ಹೆಂಗಸರ ಸಾಕ್ಷಿಗೆ ಬೆಲೆ ಕೊಡದ ಆ ಕಾಲದಲ್ಲಿ ಅವರನ್ನೇ ಮೊದಲ ಸಾಕ್ಷಿ ಮಾಡುತ್ತಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ. ಯೋಹಾನನಲ್ಲಿ ಮಗ್ದಲದ ಮರಿಯಳು ಅಳುತ್ತ ನಿಂತು, ಎದುರಿಗಿರುವವನನ್ನು ತೋಟದ ಮಾಲಿ ಎಂದುಕೊಳ್ಳುತ್ತಾಳೆ. ಅವನು ಅವಳ ಹೆಸರು ಹಿಡಿದು ಕರೆದಾಗ ಗುರುತು ಸಿಗುತ್ತದೆ. ಇಲ್ಲಿಗೆ ಬಂದಾಗಲೆಲ್ಲ ಪ್ಲಾಸ್ಟಿಕ್ ಅಂಗಿಯ ಆ ಹುಡುಗ ನೆನಪಾಗುತ್ತಾನೆ. ಕುರುಗೋಡಿನ ಆ ನಾಲ್ಕು ವರ್ಷದ ಮಗಳೂ. ಅವಳ ಕಳೆದುಹೋದ ಹೆಸರು ಯಾರಿಗೋ ನೆನಪಿದೆ, ಒಂದು ಬೆಳಗ್ಗೆ ಆ ಹೆಸರಿನಿಂದಲೇ ಅವಳನ್ನು ಎಬ್ಬಿಸುತ್ತಾರೆ ಎಂದು ನಾನು ನಂಬುತ್ತೇನೆ. ನನ್ನ ನಂಬಿಕೆ ಇಷ್ಟೇ, ಇದಕ್ಕಿಂತ ದೊಡ್ಡ ವಿವರಣೆ ನನ್ನಲ್ಲಿಲ್ಲ. ಕೆಲವು ದಿನ ಇದೂ ಇರುವುದಿಲ್ಲ.

2021ರ ಏಪ್ರಿಲ್ 4ರಂದು ಈಸ್ಟರ್. ರೋಗ ಮತ್ತೆ ಏರುತ್ತಿದೆ ಎಂಬ ಸುದ್ದಿ ಇತ್ತು. ಅದು ಎಷ್ಟು ಏರಲಿದೆ ಎಂದು ಆಗ ಗೊತ್ತಿರಲಿಲ್ಲ. ಸಮಾಧಿ ತೋಟದಲ್ಲಿ ಮುಖಕ್ಕೆ ಮಾಸ್ಕು ಕಟ್ಟಿದ ಆರೇಳು ಜನ. ನಾನು ಒಂದು ಕೊಡ ನೀರು, ಅಮ್ಮನ ಹಳೆಯ ಸೀರೆಯ ತುಂಡು ಒಯ್ದಿದ್ದೆ. ಕಲ್ಲು ಹಾಕಿಸಿ ತಿಂಗಳಾಗಿತ್ತಷ್ಟೆ, ಕೆಂಧೂಳು ಕೂತಿತ್ತು. ತಲೆಯ ಕಡೆಯಿಂದ ಶುರುಮಾಡಿ ನಿಧಾನವಾಗಿ ತೊಳೆದೆ, ಅಕ್ಷರಗಳ ಸಂದಿಯಲ್ಲಿ ಬೆರಳಾಡಿಸಿ ಒರೆಸಿದೆ. ನಾದಿನಿ ಏನೂ ಕೇಳದೆ ಇನ್ನೊಂದು ತುದಿಯಿಂದ ನೀರು ಹಾಕುತ್ತ ಬಂದಳು. ಗುಡ್ಡದ ಮೇಲೆ ಬಿಸಿಲು ಬೀಳುವ ಹೊತ್ತಿಗೆ ಮುಗಿಯಿತು. ಅವಳು ಚೀಲದಿಂದ ಟಿಫಿನ್ ಡಬ್ಬಿ ತೆಗೆದು ನನ್ನ ಕಡೆ ಚಾಚಿದಳು. ಜೋಳದ ರೊಟ್ಟಿ, ಶೇಂಗಾ ಚಟ್ನಿ.

"ನಿನ್ನೆಯಿಂದ ಏನೂ ತಿಂದಿಲ್ಲ ನೀವು, ಅತ್ತಿಗೆ. ತಿನ್ನಿ" ಎಂದಳು.

ಅಲ್ಲೇ ಕಲ್ಲಿನ ಪಕ್ಕ ಕೂತು ತಿಂದೆವು.